ಟವೆಲ್ಲಿನ ಕೆಳಗಿನ ಕೈ

ದೆವ್ವ, ದರ್ಶನ, ಕನಸಿನಲ್ಲಿ ಬಂದು ಹೇಳಿಹೋದವರು, ಇವನ್ನೆಲ್ಲ ನಾನು ನಂಬುವವನಲ್ಲ. ಚರ್ಚಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಅಂಥ ಸಾಕ್ಷಿ ಹೇಳಿದರೆ, ಹಿಂದಿನ ಸಾಲಿನಲ್ಲಿ ಕೂತು ‘ಈತ ರಾತ್ರಿ ಏನು ಉಂಡಿದ್ದನೋ’ ಎಂದುಕೊಳ್ಳುತ್ತಿದ್ದೆ. ನಾನು ದನದ ದಲಾಲಿ. ಹಲ್ಲು ಹಿಡಿದು ನೋಡದೆ ಎತ್ತಿನ ವಯಸ್ಸು ನಂಬದವನು ಬರಿ ಮಾತನ್ನು ಹೇಗೆ ನಂಬಿಯಾನು? ನಿಮಗೂ ಅದನ್ನೇ ಹೇಳುತ್ತೇನೆ: ಯಾವುದನ್ನೂ ಮುಟ್ಟಿ ನೋಡದೆ ನಂಬಬೇಡಿ. ನನ್ನ ತೊಂದರೆಯೆಂದರೆ, ಇದನ್ನು ನಾನು ಮುಟ್ಟಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಶೇಡಬಾಳದಲ್ಲಿ ಯೋಹಾನಪ್ಪ ಎಂಬ ಉಪದೇಶಿ ಇದ್ದರು. ಕಬ್ಬಿನ ಹಂಗಾಮು ಬಂತೆಂದರೆ ಗಾಡಿ ಹೂಡಿಕೊಂಡು, ಮಹಾರಾಷ್ಟ್ರದಿಂದ ಕಬ್ಬು ಕಡಿಯಲು ಬಂದವರ ಜೋಪಡಿಗಳಿಗೆ ಹೋಗುವರು. ಜ್ವರ ಬಂದವರನ್ನು ಗಾಡಿಯಲ್ಲಿ ದವಾಖಾನೆಗೆ ಮುಟ್ಟಿಸಿ, ಸಂಜೆ ಸತ್ಯವೇದದ ಎರಡು ಮಾತು ಮರಾಠಿಯಲ್ಲಿ ಹೇಳಿ, ಕೈ ಹಿಡಿದು ಪ್ರಾರ್ಥಿಸಿ ಬರುವರು. ಬೇರೆ ಯಾರೂ ಆ ಜನರತ್ತ ಹೊರಳಿ ನೋಡುತ್ತಿರಲಿಲ್ಲ. ಎಂದೋ ನೊಗ ಬಿದ್ದು ಉಪದೇಶಿಗಳ ಬಲಗೈ ಕಿರುಬೆರಳು ಮುರಿದು, ಕೊಕ್ಕೆಯಂತೆ ಸೊಟ್ಟಗೆ ಕೂಡಿಕೊಂಡಿತ್ತು. ಅವರು ಕೈ ಹಿಡಿದರೆ ಅದು ಚುಚ್ಚುತ್ತಿತ್ತು.

ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿದರು.

“ತಮ್ಮಾ, ಈ ಕೆಲಸ ದೇವರು ನಿನಗ ಇಟ್ಟಾನ. ಎತ್ತು ಹೊಡಕೊಂಡು ನೀ ಹೋಗು.”

“ದೇವರು ನನಗ ಬಾಯಿ ಕೊಟ್ಟದ್ದು ಸಂತ್ಯಾಗ ಒದರಾಕ್ರಿ, ಪ್ರಸಂಗ ಮಾಡಾಕಲ್ಲ.”

“ಪ್ರಸಂಗ ಯಾರಿಗೆ ಬೇಕೋ? ಜೋಪಡಿ ಮುಂದ ಗಾಡಿ ನಿಲ್ಲಬೇಕು, ಅಷ್ಟ. ಮಾತು ಆಮ್ಯಾಲ ತಾನ ಬರತೈತಿ,” ಎಂದು ನಕ್ಕರು.

ಸಂತೆಗೆ ಹೊತ್ತಾಯಿತೆಂದು ಎದ್ದು ಬಂದೆ. ಆ ಕರೆ ನನ್ನೊಳಗೆ ಮೊದಲೇ ಇತ್ತು. ಜೋಪಡಿಗಳ ದಾರಿ ಹಾಯುವಾಗೆಲ್ಲ ಯಾರೋ ಹೆಗಲು ಜಗ್ಗಿದಂತಾಗುತ್ತಿತ್ತು. ಆದರೆ ಬರಿಗೈಯಿಂದ ಮೇಲೆ ಬಂದವನು ನಾನು; ಸಂತೆ ತಪ್ಪಿದರೆ ಊಟ ತಪ್ಪಿದಂತೆ.

ಅವರನ್ನು ಮಣ್ಣು ಮಾಡಿ ತಿಂಗಳಾಗಿರಲಿಲ್ಲ. ಅವರ ಹೆಂಡತಿ ಮಾರ್ಥಾಬಾಯಿ ಮಿರಜಿನ ಮಗಳ ಮನೆಗೆ ಹೊರಟಿದ್ದರು. ಎತ್ತುಗಳನ್ನು ಮಾರಿಕೊಡು ಎಂದರು. ಅತ್ತ ಹಂಗಾಮು ಶುರುವಾಗಿತ್ತು. ಕಾಗವಾಡ ದಾರಿಯ ಜೋಪಡಿಗಳಿಂದ ಮುಕಾದಮನೊಬ್ಬ, ಅಂದರೆ ಕೂಲಿಗಳ ಮೇಸ್ತ್ರಿ, ಬಂದು, “ಗಾಡೀವಾಲೇ ಬಾಬಾ ಕಧೀ ಯೇಣಾರ?” ಎಂದು ಕೇಳಿದ್ದ. ಗಾಡಿಯ ಅಜ್ಜ ಇನ್ನು ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎತ್ತು ಮಾರಿದರೆ ಆ ದಾರಿ ಅಲ್ಲಿಗೆ ಮುಚ್ಚುತ್ತಿತ್ತು. ನನ್ನ ಕರೆಯೂ ಅದರ ಜೊತೆಗೇ.

ಆದರೂ ಐನಾಪುರದ ದನದ ಸಂತೆಗೆ ಹೊಡೆದುಕೊಂಡು ಹೋದೆ. ನಿಪ್ಪಾಣಿ ಕಡೆಯ ತಂಬಾಕು ಬೆಳೆಗಾರ ಭರಮಣ್ಣ ಎತ್ತು ಮೆಚ್ಚಿದ. ನಮ್ಮಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳುತ್ತೇವೆ. ಮಾರುವವನು ಬೆರಳು ಮಡಚಿ ಮುಷ್ಟಿ ಮಾಡಿದನೆಂದರೆ, ಮಾಲು ಮಾರಾಟಕ್ಕಿಲ್ಲ ಎಂದು ಅರ್ಥ. ಇನ್ನೊಂದು ಮಾತು, ದಲಾಲಿ ಮಾಡುವವರು ನೆನಪಿಡಿ: ಆ ಹೊತ್ತಿನಲ್ಲಿ ಎದುರಿನವನ ಮುಖ ನೋಡಬಾರದು. ನೋಡಿದರೆ ನಿಮ್ಮ ಮನಸ್ಸು ಅವನಿಗೆ ಗೊತ್ತಾಗುತ್ತದೆ.

ನಾನೂ ಕೊಂಬು ನೋಡುತ್ತ, ಎತ್ತು ಹೊಗಳುತ್ತ, ಬಲಗೈ ಮೇಲೆ ಟವೆಲ್ಲು ಇಳಿಬಿಟ್ಟು ಮುಂದೆ ಚಾಚಿದೆ. ಕೈ ಬಂತು. ಬೆಚ್ಚಗಿತ್ತು. ಬೆಲೆ ಕೇಳಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚತೊಡಗಿತು. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಹೆಬ್ಬೆರಳನ್ನೂ ಮಡಚಿ, ಮುಷ್ಟಿಯನ್ನು ಇಡಿಯಾಗಿ ಹಿಡಿಯಿತು. ಕೊಕ್ಕೆಯಂಥ ಬೆರಳೊಂದು ಮಣಿಕಟ್ಟಿಗೆ ಚುಚ್ಚಿತು.

 ಆದರೂ ವ್ಯಾಪಾರಿಯ ನಾಲಿಗೆ, ಕೊಂಬಿನಿಂದ ಕಣ್ಣು ಕೀಳದೆ, “ಯಾಕ್ರಿ ಭರಮಣ್ಣಾ, ಎತ್ತು ನನ್ನ ಕಡೆ ಅದಾವು, ಮುಷ್ಟಿ ನೀವ ಮಾಡಾಕತ್ತೀರಿ?” ಎಂದಿತು.

“ಏನ್ ಮಾತಾಡಾಕತ್ತೀಯೋ ಮಾರಾಯಾ? ನಾ ಇನ್ನಾ ಕೈನ ಹಾಕಿಲ್ಲ!”

ತಿರುಗಿ ನೋಡಿದೆ. ಭರಮಣ್ಣ ಎಡ ಅಂಗೈಯಲ್ಲಿ ತಂಬಾಕು ಇಟ್ಟುಕೊಂಡು ಬಲ ಹೆಬ್ಬೆರಳಿನಿಂದ ಸುಣ್ಣ ತಿಕ್ಕುತ್ತಿದ್ದ. ಎರಡೂ ಕೈ ಬಿಸಿಲಿನಲ್ಲಿದ್ದವು. ಟವೆಲ್ಲಿನ ಕೆಳಗಿನ ಹಿಡಿತ ಮಾತ್ರ ಇನ್ನೂ ಸಡಿಲಾಗಿರಲಿಲ್ಲ.

ಎಡಗೈಯಿಂದ ಟವೆಲ್ಲು ಕಿತ್ತೆಸೆದೆ. ನನ್ನ ಮುಷ್ಟಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಬಿಚ್ಚಲು ಹೋದರೆ ಬೆರಳು ಬಿಚ್ಚಲಿಲ್ಲ.

“ಬಿಸಲ ಹೊಡದೈತೇನೋ? ಹಿಡಿ, ಕೈ ಕೊಡು,” ಎಂದ ಭರಮಣ್ಣ.

“ಎತ್ತು ಮಾರಾಕಿಲ್ರಿ.”

“ಮಾರಾಕಿಲ್ಲದ ಎತ್ತ ಸಂತೀಗಿ ಯಾಕ ತಂದೀಲೇ, ಊರ ತೋರಸಾಕ?” ಸುತ್ತಲಿದ್ದವರೆಲ್ಲ ನಕ್ಕರು. ಊರಿಗೆ ಮರಳಲು ಎಡಗೈಯಿಂದ ಎತ್ತಿನ ಹಗ್ಗ ಬಿಚ್ಚಿದಾಗಲೇ ಬೆರಳೂ ಬಿಚ್ಚಿದವು.

ಮಾರ್ಥಾಬಾಯಿ ಹೇಳಿದ ಬೆಲೆಗೆ ಎತ್ತು, ಗಾಡಿ ಎರಡನ್ನೂ ನಾನೇ ಕೊಂಡೆ. ಜೀವನದಲ್ಲಿ ಚೌಕಾಸಿ ಇಲ್ಲದೆ ಮಾಡಿದ ವ್ಯಾಪಾರ ಅದೊಂದೇ. ಸಂಜೆ ಕಾಗವಾಡ ದಾರಿಯ ಜೋಪಡಿಗಳ ಮುಂದೆ ಗಾಡಿ ನಿಲ್ಲಿಸಿದೆ. ಏನು ಹೇಳಬೇಕೋ ತಿಳಿಯದೆ ನೊಗ ಹಿಡಿದು ನಿಂತಿದ್ದಾಗ, ಜ್ವರದಿಂದ ನಡುಗುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಏನೂ ಕೇಳದೆ ಗಾಡಿ ಹತ್ತಿ ಕೂತಳು. ಅಂದಿನಿಂದ ಒಂದು ಹಂಗಾಮೂ ತಪ್ಪಿಸಿಲ್ಲ. ಮಾತು ನಿಜವಾಗಿಯೂ ಆಮೇಲೆ ಬಂತು.

ಗುಂಪಿನಲ್ಲಿ ಯಾರೋ ಚೇಷ್ಟೆ ಮಾಡಿರಬಹುದೆಂದು ಬಹಳ ವರ್ಷ ಲೆಕ್ಕ ಹಾಕಿದ್ದೇನೆ. ಆದರೆ ನನ್ನ ಮುಂದೆ ಭರಮಣ್ಣ ಬಿಟ್ಟರೆ ಇದ್ದದ್ದು ಎರಡು ಎತ್ತು. ದೇವರ ಕರೆ ಬಂದರೆ ಚೌಕಾಸಿ ಮಾಡಿ, ತಪ್ಪಿಲ್ಲ, ನಾನೂ ಮಾಡಿದೆ. ಆದರೆ ಎದುರಿನ ಕೈ ಯಾರದೆಂದು ನೋಡಿಕೊಂಡು ಮಾಡಿ. ನನಗಂತೂ ಅದು ಇವತ್ತಿಗೂ ಬಗೆಹರಿದಿಲ್ಲ. ಯೋಹಾನಪ್ಪನವರದು ಎನ್ನೋಣವೆಂದರೆ, ಸತ್ತವರು ಸಂತೆಗೆ ಬರುತ್ತಾರೆಂದು ನಮ್ಮ ಸತ್ಯವೇದ ಹೇಳುವುದಿಲ್ಲ. ದೇವರದು ಎನ್ನೋಣವೆಂದರೆ, ದೇವರ ಕೈಗೆ ಮುರಿದ ಬೆರಳೇಕೆ?