ಬಾಯಿ ಮೇಷ್ಟ್ರು ಮತ್ತು ಐದು ಬೆರಳು

ನನ್ನ ಅಣ್ಣ ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ಆದರೂ ಬಂದರಿನ ಬೀದಿಯಿಂದ ಹಿಡಿದು ರೈಲು ನಿಲ್ದಾಣದ ತನಕ ಎಲ್ಲರೂ ಅವನನ್ನು ‘ಬಾಯಿ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಅವನ ಕೆಲಸ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಆಗ ನಮ್ಮ ಚಿತ್ರಮಂದಿರಕ್ಕೆ ಬರುತ್ತಿದ್ದ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ಹೊರದೇಶದವು. ಪರದೆಯ ಮೇಲಿನವರು ಏನೇ ಮಾತಾಡಲಿ, ಕೂತು ನೋಡುವವರಿಗೆ ಒಂದಕ್ಷರವೂ ತಿಳಿಯದು. ಅದಕ್ಕೆಂದೇ ಪರದೆಯ ಎಡಗಡೆ ಮರದ ಹಲಗೆ ಹಾಕಿ ಅಣ್ಣನನ್ನು ಅದರ ಮೇಲೆ ನಿಲ್ಲಿಸಿದ್ದರು. ಕೈಯಲ್ಲೊಂದು ಬೆತ್ತ. ಹಲಗೆಗೆ ಒಮ್ಮೆ ಕುಟ್ಟಿದರೆ ಯಂತ್ರದ ಕೋಣೆಯವನು ಸದ್ದು ತಗ್ಗಿಸಬೇಕು, ಎರಡು ಸಲ ಕುಟ್ಟಿದರೆ ಏರಿಸಬೇಕು. ನಡುವೆ ಕಥೆಯೆಲ್ಲ ಅಣ್ಣನದು. ನಾಯಕನಿಗೂ ಅವನೇ ದನಿ, ನಾಯಕಿಗೂ ಅವನೇ, ಬೊಗಳುವ ನಾಯಿಗೂ ಅವನೇ.

ಹೊರದೇಶದ ಭಾಷೆ ಅವನಿಗೆ ಎಷ್ಟು ಬರುತ್ತಿತ್ತು ಎಂದರೆ, ನನಗೆ ಬರುವಷ್ಟು. ನನಗೆ ಬರುತ್ತಿದ್ದುದು ಸೊನ್ನೆ. ರೀಲಿನ ಡಬ್ಬಿಯ ಜೊತೆ ಕಥೆಯ ಹಾಳೆಯೊಂದು ಬರುತ್ತಿತ್ತು. ತಿಳಿದವರ ಹತ್ತಿರ ಅದನ್ನು ಓದಿಸಿಕೊಳ್ಳಬೇಕೆಂಬುದು ನಿಯಮ. ಇವನು ಅದನ್ನು ಮಡಿಚಿ ಕುಂಟು ಮೇಜಿನ ಕಾಲಿನಡಿ ಇಡುತ್ತಿದ್ದ.

“ಬಾಯಿ ಆಡೋದು ನೋಡಿದ್ರೆ ಸಾಕು ಪುಟ್ಟಿ, ಮಾತು ತಾನಾಗೇ ಬರತ್ತೆ” ಎನ್ನುತ್ತಿದ್ದ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಅಣ್ಣ ಬದುಕಿದ್ದು ಹಾಗೆ. ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಅವನೇ, ಮದುವೆ ಮಾಡಿದವನೂ ಅವನೇ. ಆದರೆ ಚಪ್ಪಾಳೆ ಕೇಳಿಸಿದರೆ ಅವನಿಗೆ ಹಿಂದುಮುಂದು ಕಾಣುತ್ತಿರಲಿಲ್ಲ.

ನನ್ನ ಗಂಡನಿಗೆ ಮಾತೇ ಕಡಿಮೆ. ಅವರ ಕೆಲಸ ನೀರಿನ ಕೆಳಗೆ, ಅಲ್ಲಿ ಮಾತಾಡಿದರೂ ಕೇಳುವವರಿಲ್ಲ. ಯುದ್ಧ ಮುಗಿದಾಗ ನಮ್ಮ ಬಂದರಿನೊಳಗೆ ಏಳು ಹಡಗು ಮುಳುಗಿ ಕೂತಿದ್ದವು. ಅವನ್ನು ತುಂಡುತುಂಡಾಗಿ ಮೇಲೆತ್ತುವ ದೋಣಿಯಲ್ಲಿ ಇವರು ಮುಳುಗುಗಾರ. ಮೈಗೆ ರಬ್ಬರಿನ ಅಂಗಿ, ತಲೆಗೆ ತಾಮ್ರದ ಟೊಪ್ಪಿ, ಕಾಲಿಗೆ ಸೀಸದ ಬೂಟು, ಕೈ ಮಾತ್ರ ಬರಿಗೈ. ದೋಣಿಯ ಮೇಲೆ ಇಬ್ಬರು ಚಕ್ರ ತಿರುಗಿಸುತ್ತಾ ಪೈಪಿನಲ್ಲಿ ಗಾಳಿ ಕಳಿಸಬೇಕು. ಸೊಂಟದ ಹಗ್ಗವನ್ನು ನಾಲ್ಕು ಸಲ ಜಗ್ಗಿದರೆ ‘ಎಳೆದುಕೊಳ್ಳಿ’ ಎಂದರ್ಥ. ಆ ಹಡಗುಗಳಲ್ಲಿ ಚಿನ್ನ ಇದೆಯಂತೆ ಎಂದು ಊರಲ್ಲಿ ಗುಲ್ಲೋ ಗುಲ್ಲು. ಒಮ್ಮೆ ದೊಡ್ಡ ಪೆಟ್ಟಿಗೆಯೊಂದು ಬಂತು, ನೋಡಲು ಅರ್ಧ ಊರೇ ದಂಡೆಗೆ ಓಡಿತು. ಒಡೆದರೆ ತುಂಬ ಬೂಟು, ಎಲ್ಲವೂ ಎಡಗಾಲಿನವು.

ಆ ವರ್ಷ ಇವರ ಜೊತೆಗಾರನೊಬ್ಬ ಕೆಳಗೇ ಸತ್ತ. ಹಡಗಿನ ಹೊಟ್ಟೆಯೊಳಗೆ ಕಬ್ಬಿಣದ ತಗಡು ಕುಸಿದು ಅವನ ಗಾಳಿಯ ಪೈಪು ಅದರಡಿ ಸಿಕ್ಕಿಕೊಂಡಿತ್ತು. ‘ನಾನು ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ’ ಎಂದು ಇವರು ದೋಣಿಯವರಿಗೆ ಹೇಳಿದರು. ಎಲ್ಲರೂ ನಂಬಿದರು. ಅಷ್ಟು ದೂರ ಒಳಗೆ ಹೋದನಲ್ಲ ಎಂದು ಬೆನ್ನು ತಟ್ಟಿದರು.

ನಾಲ್ಕು ತಿಂಗಳಾದ ಮೇಲೆ, ಒಂದು ರಜೆಯ ಬೆಳಿಗ್ಗೆ, ನಲ್ಲಿಯ ಹತ್ತಿರ ನಾನು ಪಾತ್ರೆ ತೊಳೆಯುತ್ತಿದ್ದೆ. ಇವರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬಲಗೈ ನನ್ನೆದುರು ಚಾಚಿದರು.

“ಅವನು ಬದುಕಿದ್ದ ಕಣೇ” ಎಂದರು. “ಈ ಕೈ ಹಿಡ್ಕೊಂಡಿದ್ದ. ಮೇಲಿಂದ ಇನ್ನೊಂದು ತಗಡು ಜಾರ್ತಾ ಇತ್ತು. ಒಂದೊಂದೇ ಬೆರಳು ಬಿಡಿಸ್ದೆ. ಐದೂ. ಆಮೇಲೆ ಹಗ್ಗ ಜಗ್ದೆ.”

ನಾನು ಏನು ಹೇಳಿದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ಅಕ್ಕಪಕ್ಕದ ಮನೆಯವರು ಯಾರಾದರೂ ಕೇಳಿಸಿಕೊಂಡರೋ ಎಂದು ಮೊದಲು ನೋಡಿದೆ. ಆಮೇಲೆ, “ಇದನ್ನ ಯಾರ ಹತ್ರನೂ ಬಾಯಿ ಬಿಡ್ಬೇಡಿ. ನಾವು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?” ಎಂದೆ. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ನಿನಗೆ ಬಿಟ್ರೆ ಯಾರಿಗೆ ಹೇಳ್ಲಿ” ಎಂದು ಎದ್ದು ಹೋದರು. ಆ ತಗಡು ಜಾರುತ್ತಿತ್ತು, ಅಲ್ಲೇ ನಿಂತಿದ್ದರೆ ಎರಡು ಹೆಣ ಬರುತ್ತಿತ್ತು ಎಂಬ ಸಾದಾ ಮಾತು ನನಗೆ ಆಗ ಹೊಳೆಯಲಿಲ್ಲ.

ಯಾರಿಗೂ ಹೇಳಬೇಡಿ ಎಂದವಳು ನಾನು. ಹೇಳಿದವಳೂ ನಾನೇ. ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಾಗಿತ್ತು. ಇವರು ಬೇರೆ ಬಲಗೈ ಬಿಟ್ಟು ಎಡಗೈಯಲ್ಲಿ ಲೋಟ ಹಿಡಿಯಲು ಶುರುಮಾಡಿದ್ದರು. ಹದಿನೈದು ದಿನ ತಡೆದು ಅಣ್ಣನ ಮನೆಗೆ ಹೋಗಿ ಎಲ್ಲ ತೋಡಿಕೊಂಡೆ. “ನೀನೇ ಹಿರಿಯ, ಅವರಿಗೆ ಸ್ವಲ್ಪ ಧೈರ್ಯ ಹೇಳಣ್ಣ” ಎಂದೆ. ಅಣ್ಣನ ಕಣ್ಣಲ್ಲಿ ನೀರು ಬಂತು. “ಪಾಪ ಭಾವ! ಒಂದೊಂದೇ ಬೆರಳಾ?” ಎಂದ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಯಾರಾದರೂ ಹಂಗಿಸಿದರೆ ನಾನು ಜಗಳಕ್ಕೇ ನಿಲ್ಲುವವಳು. ಆದರೆ ಈ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇನೆ.

ಅದಾದ ಮೇಲೆ ಬಂತು ಆ ಸಿನಿಮಾ. ಯುದ್ಧದಲ್ಲಿ ಚಿನ್ನದ ಸಮೇತ ಮುಳುಗಿದ ಹಡಗು, ಅದನ್ನು ಹುಡುಕಿ ಹೊರಟ ಇಬ್ಬರು ಮುಳುಗುಗಾರ ಗೆಳೆಯರು, ಯಾವಾಗಲೂ ಸಿಡುಕುವ ಮುದುಕ ಕಪ್ತಾನ, ಒಬ್ಬಳು ಚೆಲುವೆ, ಎಂಟು ತೋಳಿನ ಒಂದು ರಬ್ಬರಿನ ಅಷ್ಟಪದಿ. ನಮ್ಮ ಬಂದರಿನವರಿಗೆ ಇನ್ನೇನು ಬೇಕು? ಮೊದಲ ದಿನವೇ ಕಾಲಿಡಲು ಜಾಗವಿರಲಿಲ್ಲ. ನಾನು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದೆ.

ಅಣ್ಣ ಅಂದು ಉಕ್ಕಿ ಹರಿಯುತ್ತಿದ್ದ. ಗೆಳೆಯರಲ್ಲಿ ಒಬ್ಬನನ್ನು ಪುಕ್ಕಲನನ್ನಾಗಿ ಮಾಡಿದ್ದ. ಏಣಿ ಇಳಿಯುವಾಗ ಅವನಿಗೆ “ಅಮ್ಮಾ, ನೀರು ತಣ್ಣಗಿದೆಯಲ್ಲಮ್ಮಾ” ಎಂದು ನಡುಗುವ ದನಿ ಕೊಟ್ಟ. ಜನ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ, ಪಕ್ಕದವಳ ಭುಜ ಹಿಡಿದುಕೊಂಡು ನಕ್ಕೆ. ಆಮೇಲೆ ಇಬ್ಬರೂ ಹಡಗಿನ ಕತ್ತಲೆಯೊಳಗೆ ಹೋದರು. ನೀರೆಲ್ಲ ಕದಡಿತು, ಏನೂ ಕಾಣಲಿಲ್ಲ, ಆ ಪುಕ್ಕಲ ಒಬ್ಬನೇ ಮೇಲೆ ಬಂದ. ಬೆತ್ತದ ಸದ್ದು ಕೇಳಿಸಿತು.

“ಕೆಳಗೇನಾಯ್ತು ಗೊತ್ತಾ?” ಎಂದ ಅಣ್ಣ. “ಗೆಳೆಯ ಇವನ ಕೈ ಹಿಡ್ಕೊಂಡಿದ್ದ! ಈ ಮಹಾಶೂರ ಏನು ಮಾಡಿದ? ಬೆರಳು ಬಿಡಿಸಿದ! ಒಂದು…”

ಬೆತ್ತ ಕುಟ್ಟಿತು. “ಎರಡು…”

ಮೂರನೆಯದಕ್ಕೆ ಜನವೇ ದನಿಗೂಡಿಸಿದರು. ಐದು ಬರುವಷ್ಟರಲ್ಲಿ ಇಡೀ ಚಿತ್ರಮಂದಿರ ಕಾಲು ಕುಟ್ಟುತ್ತಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನಗು ಇನ್ನೂ ನನ್ನ ಮುಖದ ಮೇಲೆಯೇ ಇತ್ತು. ಅದನ್ನು ಹೇಗೆ ಒರೆಸಿಕೊಳ್ಳಬೇಕೆಂದು ತಿಳಿಯಲಿಲ್ಲ.

ಆಟ ಮುಗಿದ ಕೂಡಲೇ ಹಿಂಬಾಗಿಲಿಗೆ ಹೋದೆ. ಅಣ್ಣ ಬೆವರು ಒರೆಸಿಕೊಳ್ಳುತ್ತಿದ್ದ.

“ಏನು ಮಾಡ್ಬಿಟ್ಟೆ ನೀನು?”

“ಯಾರಿಗೆ ಗೊತ್ತಾಗತ್ತೆ ಪುಟ್ಟಿ? ಭಾವನ ಸುದ್ದಿ ಎತ್ತಿದ್ನಾ ನಾನು? ಅಲ್ಲಿ ಬಾಯಿಗೆ ಏನೂ ಬರ್ಲಿಲ್ಲ, ಅದು ಬಂತು. ಜನ ಹೇಗೆ ಹಿಡ್ಕೊಂಡ್ರು, ನೋಡ್ದೆ ತಾನೆ?”

“ನಾಳೆ ಅವ್ರು ಬರ್ತಾರೆ. ಇಡೀ ದೋಣಿಯವರು ಬರ್ತಾರೆ. ಅವ್ರ ಮೇಸ್ತ್ರಿ ಆಗ್ಲೇ ಎಲ್ರಿಗೂ ಟಿಕೆಟ್ ತಗೊಂಡಿದಾರೆ.”

ಅಣ್ಣನ ಮುಖದ ಬಣ್ಣ ಇಳಿಯಿತು. “ತೆಗೆದ್ಬಿಡ್ತೀನಿ” ಎಂದ. “ನಿನ್ನಾಣೆ, ತೆಗೀತೀನಿ.”

ಮರುದಿನ ತಲೆನೋವಿನ ನೆಪ ಹೂಡಿದೆ. “ನೀನು ಬರ್ದೇ ಇದ್ರೆ ಚೆನ್ನಾಗಿರಲ್ಲ, ನಿಮ್ಮಣ್ಣನ ಆಟ” ಎಂದರು ನನ್ನ ಗಂಡ. ಒಗೆದ ಅಂಗಿ ಹಾಕಿಕೊಂಡು ಹೊರಟರು. ಆ ದೋಣಿಯ ಹನ್ನೆರಡು ಜನ ಗಂಡಸರ ಕಡೆಯ ಮಧ್ಯದ ಸಾಲು ತುಂಬ ಕೂತರು. ನಾನು ಹೆಂಗಸರ ಕಡೆ ಬೆರಳಿಗೆ ಸೆರಗು ಸುತ್ತಿಕೊಳ್ಳುತ್ತಾ ಕೂತೆ.

ಅಣ್ಣ ಮಾತು ಉಳಿಸಿಕೊಂಡ. ಇದನ್ನು ಅವನ ಪರವಾಗಿ ಹೇಳಲೇಬೇಕು. ಪುಕ್ಕಲನ ದನಿಯನ್ನು ಸರಿಮಾಡಿದ. ಆ ಘಟ್ಟ ಬಂದಾಗ, “ಪಾಪ, ಇವನು ಮುಟ್ಟುವಷ್ಟರಲ್ಲಿ ಗೆಳೆಯ ಹೋಗಿಬಿಟ್ಟಿದ್ದ” ಎಂದ. ನನಗೆ ಉಸಿರು ಬಂತು. ಅಷ್ಟರಲ್ಲಿ ನಿನ್ನೆಯೂ ಬಂದಿದ್ದ ಯಾವನೋ ಹಿಂದಿನಿಂದ ಕೂಗಿದ.

“ಬೆರಳು ಎಲ್ಲಿ ಮೇಷ್ಟ್ರೇ?”

“ಬೆರಳು! ಬೆರಳು!” ಎಂದು ಇನ್ನಷ್ಟು ಜನ ಕುರ್ಚಿ ಬಡಿದರು. ಮಾಲೀಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಣ್ಣ ನನ್ನ ಕಡೆ ತಿರುಗಿದ. ನಾನು ಬೇಡ ಎಂದು ತಲೆಯಾಡಿಸಿದೆ. ಅವನಿಗೆ ಕಂಡಿತು, ಖಂಡಿತ ಕಂಡಿತು. ಆಮೇಲೆ ಬೆತ್ತ ಮೇಲೆತ್ತಿದ.

“ಗೆಳೆಯ ಕೈ ಹಿಡ್ಕೊಂಡಿದ್ದ… ಒಂದು!”

ಮಧ್ಯದ ಸಾಲಿನಲ್ಲಿ ಮೇಸ್ತ್ರಿಯೂ ಎಣಿಸತೊಡಗಿದರು. ಎರಡು. ಆಗ ನನಗೆ ಚೆನ್ನಾಗಿ ಗೊತ್ತಿರುವ ದನಿಯೊಂದು ಕೇಳಿಸಿತು. ಮನೆಯಲ್ಲಿ ಎಂದೂ ಏರದ ದನಿ. ಮೂರು, ನಾಲ್ಕು, ಐದು ಎಂದು ಎಲ್ಲರಿಗಿಂತ ಜೋರಾಗಿ ಕೂಗಿತು. ಐದರ ನಂತರ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಿತು. ತಾವು ನಗದಿದ್ದರೆ ಪಕ್ಕದವರು ತಿರುಗಿ ನೋಡುತ್ತಾರೆಂದು ನನ್ನ ಗಂಡ ನಗುತ್ತಿದ್ದರು.

ಮನೆಗೆ ಬರುವಾಗ ಅವರು ಮುಂದೆ, ನಾನು ಹಿಂದೆ. ಬೈಯಲಿ, ಹೊಡೆಯಲಿ, ಬೀದಿಯಲ್ಲೇ ನಿಲ್ಲಿಸಿ ಕೇಳಲಿ ಎಂದು ಕಾಯುತ್ತಾ ನಡೆದೆ. ಬಾಗಿಲ ಬೀಗ ತೆಗೆಯುತ್ತಾ, “ನಿಮ್ಮಣ್ಣ ಚೆನ್ನಾಗಿ ಹೇಳ್ತಾನೆ” ಎಂದರು. ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನು ಚಿಕ್ಕಂದಿನಲ್ಲಿ ಕಾಪಿ ಪುಸ್ತಕದಲ್ಲಿ ಇಪ್ಪತ್ತು ಸಲ ಬರೆದಿದ್ದೆ. ಬರೆದು ಏನು ಬಂತು?

ಆ ದಿನದಿಂದ ಅವರು ನನ್ನೊಂದಿಗೆ ಊಟ, ಸೋಪು, ಸೀಮೆಎಣ್ಣೆ ಇಷ್ಟರ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದರು, ಮುಳುಗುತ್ತಿದ್ದರು, ಬರುತ್ತಿದ್ದರು. ದೋಣಿಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಬಂದರಿನ ಮಕ್ಕಳು ಮಾತ್ರ ಬೀದಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಬಿಡಿಸಿ, ಎಣಿಸಿ ಓಡುವ ಹೊಸ ಆಟ ಕಲಿತಿದ್ದವು. ನಮ್ಮ ಮನೆಯ ಮುಂದೆಯೂ ಆಡುತ್ತಿದ್ದವು. ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಆ ಸಿನಿಮಾದ ಮೂರನೆಯ ವಾರ ಅಣ್ಣನ ಗಂಟಲು ಕಟ್ಟಿ ದನಿ ಪೂರ್ತಿ ಹೋಯಿತು. ದಿನಕ್ಕೆ ಮೂರು ಆಟ ಕೂಗಿದರೆ ಇನ್ನೇನಾದೀತು? ಔಷಧಿ ತಗೊಂಡು ಬಾ ಎಂದು ಹೇಳಿಕಳಿಸಿದ. ಅವನೊಡನೆ ಮಾತು ಬಿಟ್ಟಿದ್ದೆ, ಆದರೂ ಹೋದೆ. ಮಧ್ಯಾಹ್ನದ ಆಟಕ್ಕೆ ಹಲಗೆ ಖಾಲಿಯಿತ್ತು. ಅಣ್ಣ ಹಲಗೆಯ ಪಕ್ಕ ನೆಲದ ಮೇಲೆ ಕೂತು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದ. ಪರದೆಯವರು ತಮ್ಮ ಭಾಷೆಯಲ್ಲಿ ತಾವೇ ಮಾತಾಡಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ ಒಬ್ಬರೇ ಕೂತಿದ್ದರು. ಆ ಭಾಷೆ ಕಲಿಸುವವರು ಅವರು. ಅಣ್ಣನ ಕಾಟವಿಲ್ಲದ ಆಟ ಸಿಕ್ಕಿತೆಂದು ಸುದ್ದಿ ತಿಳಿದು ಓಡಿ ಬಂದಿದ್ದರಂತೆ.

ಪುಕ್ಕಲ ಎಂದು ನಾವು ನಕ್ಕಿದ್ದವನು ಒಬ್ಬನೇ ಮೇಲೆ ಬಂದ. ತಾಮ್ರದ ಟೊಪ್ಪಿ ತಿರುಗಿಸಿ ತೆಗೆದರು. ಈ ಸಲ ಎಣಿಕೆಯಿಲ್ಲ, ಕಾಲು ಕುಟ್ಟುವವರಿಲ್ಲ, ಮುಖ ನೋಡಲು ಪುರುಸೊತ್ತಿತ್ತು. ಅವನು ಅಳುತ್ತಿದ್ದ. ಸಿನಿಮಾದ ಉದ್ದಕ್ಕೂ ಸಿಡುಕುತ್ತಿದ್ದ ಮುದುಕ ಕಪ್ತಾನ ತನ್ನ ಕೋಟು ಬಿಚ್ಚಿ ಅವನ ಹೆಗಲಿಗೆ ಹೊದಿಸಿ ಮೆಲ್ಲಗೆ ಏನೋ ಹೇಳಿದ.

“ಆ ಮುದುಕರು ಏನಂದ್ರು ಟೀಚರಮ್ಮ?” ಎಂದು ಬಾಗಿ ಕೇಳಿದೆ.

“‘ನೀನಾದ್ರೂ ಬಂದ್ಯಲ್ಲ, ಅಷ್ಟು ಸಾಕು’ ಅಂದ್ರು.”

“ಅಷ್ಟೇನಾ?”

“ಅಷ್ಟೇ. ಇನ್ನೇನು ಹೇಳ್ತಾರೆ?”

ಕುಂಟು ಮೇಜಿನ ಕಾಲಿನಡಿ ಇದ್ದ ಹಾಳೆಯಲ್ಲಿ ಈ ಮಾತು ಇತ್ತೋ ಏನೋ. ಅಣ್ಣನೂ ಟೀಚರಮ್ಮನ ಮಾತು ಕೇಳಿಸಿಕೊಂಡಿದ್ದ. ನನ್ನ ಕಡೆ ನೋಡಿ ಬಾಯಿ ತೆರೆದ, ದನಿ ಬರಲಿಲ್ಲ. ಎರಡೂ ಕೈ ಮುಗಿದ. ಔಷಧಿ ಅವನ ಪಕ್ಕದಲ್ಲಿಟ್ಟು ಎದ್ದು ಬಂದೆ. ಅವನನ್ನು ಬೈಯಲು ನನಗೆ ಯಾವ ಮುಖವಿತ್ತು? ನಲ್ಲಿಯ ಹತ್ತಿರ ಆ ಚಾಚಿದ ಕೈ ನೋಡಿ ನಾನು ಹೇಳಬೇಕಾಗಿದ್ದ ಮಾತು ಅದು. ಹೇಳದೆ ಅಕ್ಕಪಕ್ಕದ ಬಾಗಿಲು ನೋಡಿದ್ದವಳು ನಾನು.

ಸಂಜೆ ಇವರು ಬಂದಾಗ ಟೀ ಮಾಡಿ ತಂದೆ. ಹೊಸಿಲಿನ ಮೇಲೆ ಕೂತು ಉಗುರಿನ ಸಂದಿಯ ತುಕ್ಕು ಕೆರೆದು ತೆಗೆಯುತ್ತಿದ್ದರು. ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ನಾನು ಪಕ್ಕದಲ್ಲಿ ಕೂತೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ ಅವರ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ನೀವಾದ್ರೂ ಬಂದ್ರಲ್ಲ, ನಂಗೆ ಅಷ್ಟು ಸಾಕು ರೀ” ಎಂದೆ.

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು.

“ಇದನ್ನೂ ನಿಮ್ಮಣ್ಣನೇ ಹೇಳ್ಕೊಟ್ನಾ?”

ಇಲ್ಲ ಎಂದೆ. ಆದರೆ ಎಲ್ಲಿಂದ ಬಂತು ಎಂದು ಹೇಳಲಾಗಲಿಲ್ಲ, ಅದೂ ಆ ಸಿನಿಮಾದ್ದೇ. ಅವರು ಲೋಟ ಕೆಳಗಿಟ್ಟರು. ನನ್ನ ಕೈಗಳ ನಡುವಿನಿಂದ ತಮ್ಮ ಕೈಯನ್ನು ಮೆಲ್ಲಗೆ, ಒಂದೊಂದೇ ಬೆರಳು ಬಿಡಿಸಿಕೊಂಡು, ಒಳಗೆ ಹೋದರು.