ಮೀನಿನ ತೊಟ್ಟಿಯ ಹಿಂದಿನ ಕೆರೆ

ಆ ಎಮ್ಮೆಯನ್ನು ಬರೆದವಳು ನಾನು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ದಿನ ಬಾಯಿ ಮುಚ್ಚಿಕೊಂಡು ನಿಂತವಳ ಮಾತಿಗೆ ಈಗ ಎಷ್ಟು ಬೆಲೆಯೋ, ನೀವೇ ನೋಡಿ.

ತೊಂಬತ್ತರ ದಶಕದ ಮಾತು. ಅಪ್ಪ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ನೌಕರ, ನಮ್ಮ ಮನೆ ಗುಂಡ್ಲುಪೇಟೆಯಲ್ಲಿ. ವರ್ಗವಾಗಿ ಹೊರಟ ಸಾಹೇಬರೊಬ್ಬರು ತಮ್ಮ ಮೀನಿನ ತೊಟ್ಟಿಯನ್ನು ನಾಲ್ಕು ಗೋಲ್ಡ್‌ಫಿಶ್ ಸಮೇತ ಅಪ್ಪನಿಗೆ ಕೊಟ್ಟರು. ಹಜಾರದ ಮೇಜಿನ ಮೇಲಿಟ್ಟರೆ ಗಾಜಿನಾಚೆ ಸುಣ್ಣ ಉದುರಿದ ನಮ್ಮ ಗೋಡೆಯೇ ಎದ್ದು ಕಾಣುತ್ತಿತ್ತು. ಹಿಂದೆ ಏನಾದರೂ ಅಂಟಿಸಲೇಬೇಕು. ಅವ್ವ ಲಕ್ಷ್ಮಿ ಕ್ಯಾಲೆಂಡರ್ ಅಂದಳು. "ದೇವ್ರ ಮುಂದೆ ಮೀನು ಉಚ್ಚೆ ಉಯ್ಯದಾ?" ಎಂದು ಅಪ್ಪ ನಕ್ಕ. ಅಕ್ಕನಿಗೆ ಚಾಮರಾಜನಗರದ ಅಂಗಡಿಯಲ್ಲಿ ಕಂಡಿದ್ದ, ಹವಳ ಮತ್ತು ನೀಲಿ ಸಮುದ್ರ ಅಚ್ಚಾದ ಹೊಳೆಯುವ ಹಾಳೆಯೇ ಬೇಕು. ನಾನು ಮಾತ್ರ ಅವ್ವನ ತೌರೂರಾದ ಭೀಮನಬೀಡಿನ ಕೆರೆ ಬರೆಯುತ್ತೇನೆಂದು ಹಠ ಹಿಡಿದೆ. ಸಮುದ್ರವನ್ನು ನಮ್ಮ ಮನೆಯಲ್ಲಿ ಯಾರು ತಾನೇ ನೋಡಿದ್ದರು?

ಹತ್ತು ದಿನ ಡ್ರಾಯಿಂಗ್ ಶೀಟಿನ ಮೇಲೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಏರಿ, ಹೊಂಗೆಮರ, ಕತ್ತಿನ ತನಕ ನೀರಿಗಿಳಿದ ಒಂದು ಎಮ್ಮೆ.

"ಮೀನಿನ್ ಹಿಂದೆ ಎಮ್ಮೆನಾ? ಥೂ, ನೋಡ್ದೋರ್ ನಗ್ತಾರೆ ಕಣಮ್ಮಿ," ಎಂದು ಅಕ್ಕ ಮೂಗು ಮುರಿದಳು.

ಅಪ್ಪ ಹಾಗಲ್ಲ. ತಾನೇ ಟೇಪು ಹಚ್ಚಿ ಹಾಳೆಯನ್ನು ಗಾಜಿನ ಹಿಂದೆ ಅಂಟಿಸಿ, ದೂರ ನಿಂತು ನೋಡಿ, "ಕೆರೆನೇ ಎತ್ಕೊಂಡ್ ಬಂದ್ಬುಟ್ಟಿದ್ದೀಯಲ್ಲಮ್ಮಿ!" ಅಂದ. ಆಮೇಲೆ ಯಾರೇ ಬರಲಿ, ಕೈ ಹಿಡಿದು ತೊಟ್ಟಿಯ ಮುಂದೆ ನಿಲ್ಲಿಸಿ, "ನಮ್ ಚಿಕ್ಕವಳು ಬರ್ದಿರೋದು" ಅನ್ನುತ್ತಿದ್ದ. ನನಗೋ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕನನ್ನು ನೋಡಲು ಚಾಮರಾಜನಗರದಿಂದ ಗಂಡಿನ ಕಡೆಯವರು ಬಂದರು. ಹೆಣ್ಣು ನೋಡುವ ದಿನ ಮನೆಯಲ್ಲಿರುವ ಕಸೂತಿ, ಹೊಲಿಗೆ, ಉಪ್ಪಿಟ್ಟು ಎಲ್ಲವನ್ನೂ ಹೆಣ್ಣೇ ಮಾಡಿದ್ದೆನ್ನುವುದು ವಾಡಿಕೆ. ಉಪ್ಪಿಟ್ಟು ಮಾಡಿದವಳೂ ನಾನೇ, ಅದು ಹಾಳಾಗಿಹೋಗಲಿ. ಹುಡುಗ ಮೇಷ್ಟ್ರು. ಅಕ್ಕನಿಗಿಂತ ಹೆಚ್ಚು ಹೊತ್ತು ತೊಟ್ಟಿಯನ್ನೇ ನೋಡಿದ.

"ಎಮ್ಮೆ ಎಷ್ಟ್ ಚೆನ್ನಾಗದೆ! ಯಾರ್ ಬರ್ದಿದ್ದು?" ಎಂದು ಅಪ್ಪನನ್ನು ಕೇಳಿದ.

ನಾನು ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಅಪ್ಪ ಇನ್ನೇನು ನನ್ನ ಕಡೆ ಕೈ ತೋರಿಸುತ್ತಾನೆಂದು ಆಗಲೇ ನಗು ತಡೆದುಕೊಳ್ಳುತ್ತಿದ್ದೆ.

"ನಮ್ ದೊಡ್ಮಗಳೇ ಬರ್ದಿರೋದು," ಅಂದ ಅಪ್ಪ.

ಅವ್ವ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಅಪ್ಪ! ಮೈಯೆಲ್ಲ ಉರಿದುಹೋಯಿತು. ಅವನ ಮುಖ ನೋಡಿದೆ; ಅವನು ಮೀನು ನೋಡುತ್ತಿದ್ದ. ಅಕ್ಕ ಸೆರಗಿನ ಅಂಚು ತಿರುಚುತ್ತಾ ಕೂತಿದ್ದಳು. ಅವರು ಹೋದ ಮೇಲೆ, "ಯಾಕಪ್ಪ ಇಂಗ್ ಮೋಸ ಮಾಡ್ದೆ?" ಎಂದು ಅಳುತ್ತಾ ಕೇಳಿದೆ.

"ಒಂದ್ ಮಾತ್ಗೆ ನಿನ್ ಗಂಟೇನ್ ಓಯ್ತು? ಬುಡಮ್ಮಿ, ಅಕ್ಕನ್ ಬದುಕಲ್ವಾ," ಅಂದ.

ಮದುವೆಯಾಯಿತು. ಭಾವನಿಗೆ ಇಷ್ಟವೆಂದು ಅಕ್ಕ ಚಿತ್ರವನ್ನೂ ಕೇಳಿದಳು. ನಾನು ಕೊಡಲ್ಲ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಅಪ್ಪನೇ ಬ್ಲೇಡಿನಲ್ಲಿ ಟೇಪು ಬಿಡಿಸಿ, ಸುರುಳಿ ಸುತ್ತಿ ಕೊಟ್ಟ.

ಮುಂದೊಮ್ಮೆ ಅವರ ಮನೆಗೆ ಹೋದಾಗ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಎಮ್ಮೆಯ ಕೆಳಗೆ, ಮೂಲೆಯಲ್ಲಿ, ಅಕ್ಕನ ಹೆಸರು. ಅವಳದೇ ಅಕ್ಷರ. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಇವ್ರು ಇನ್ನೊಂದ್ ಬರಿ ಅಂತವ್ರೆ. ಗೊತ್ತಾಗ್ದಂಗೆ ಬರ್ಕೊಟ್ಬುಡಮ್ಮಿ," ಎಂದಳು. ಕೈ ಕೊಸರಿಕೊಂಡು ಹೊರಟುಬಂದೆ.

ಬಸ್ ಸ್ಟ್ಯಾಂಡಿನ ದಾರಿಯಲ್ಲೇ ಆ ಅಂಗಡಿ. ಹವಳದ ಹಾಳೆ ಕೊಂಡು, ಮನೆಗೆ ಬಂದವಳೇ ಬರಿದಾಗಿದ್ದ ಗಾಜಿನ ಹಿಂದೆ ಅಂಟಿಸಿದೆ. ಕೆಲಸದಿಂದ ಬಂದ ಅಪ್ಪ ನೋಡಿ ಪೆಚ್ಚಾದ.

"ಇದ್ಯಾಕ್ ತಂದಮ್ಮಿ? ನೀನೇ ಇನ್ನೊಂದ್ ಕೆರೆ ಬರೀಬೋದಿತ್ತಲ್ಲ."

"ಇದನ್ನ ಯಾರ್ ಬರ್ದಿದ್ದು ಅಂತ ಯಾರೂ ಕೇಳಲ್ಲ ಕಣಪ್ಪ. ನೀನೂ ಸುಳ್ ಹೇಳ್ಬೇಕಾಗಲ್ಲ."

ಅವತ್ತಿನಿಂದ ಅಪ್ಪ ಮನೆಗೆ ಬಂದವರನ್ನು ತೊಟ್ಟಿಯ ಮುಂದೆ ನಿಲ್ಲಿಸಲಿಲ್ಲ.