ಅಕ್ಕನ ರೊಟ್ಟಿಯ ಪರೀಕ್ಷೆ

ಎಂಬತ್ತರ ದಶಕದ ಒಂದು ಸುಗ್ಗಿಯಲ್ಲಿ, ಮರಳಿ ಎಂಬ ಊರಿಗೆ ಕೊಟ್ಟಿದ್ದ ನಮ್ಮಕ್ಕ ಭತ್ತದ ಹುಲ್ಲು ಹೇರಿದ ಟ್ರಾಲಿಯ ಮೇಲಿಂದ ಬಿದ್ದಳು. ಕಾಲುವೆಯ ಸೇತುವೆ ದಾಟುವಾಗ ಟ್ರಾಲಿ ಎಗರಿತಂತೆ, ತಲೆಯ ಹಿಂಭಾಗ ಕಲ್ಲಿಗೆ ಬಡಿಯಿತಂತೆ. ಒಂದು ಹನಿ ರಕ್ತ ಬರಲಿಲ್ಲ. ನಮ್ಮ ಕಡೆ ರಕ್ತ ಬಾರದ ಪೆಟ್ಟನ್ನು ಯಾರೂ ಪೆಟ್ಟು ಅನ್ನುವುದಿಲ್ಲ. ಎಚ್ಚರ ತಪ್ಪಿದವಳು ಸಂಜೆಗೆ ಕಣ್ಣು ಬಿಟ್ಟಳು. ಮೆದುಳು ಅಲುಗಿದೆ, ವಿಶ್ರಾಂತಿ ಬೇಕು ಎಂದರು ಗಂಗಾವತಿಯ ಡಾಕ್ಟರು. ಸುಗ್ಗಿಯಲ್ಲಿ ಸೊಸೆಗೆ ಎಂಥ ವಿಶ್ರಾಂತಿ.

ಆಮೇಲೆ ಅಕ್ಕ ಬೇರೆಯವಳೇ ಆದಳು. ಹಾಲು ಒಲೆಯ ಮೇಲಿಟ್ಟು ಹೊರಗೆ ಹೋಗಿ ಕೂರುತ್ತಿದ್ದಳು. ಎಂದೂ ದನಿ ಎತ್ತದವಳು ಅತ್ತೆಯ ಮೇಲೆ ತಂಬಿಗೆ ಎಸೆದಳು. ಮರುಗಳಿಗೆ ಅದು ಅವಳಿಗೆ ನೆನಪಿರಲಿಲ್ಲ. ಗಾಳಿ ಸೋಕಿದೆ ಎಂದರು ಕೆಲವರು, ಮೈಗಳ್ಳತನ ಎಂದರು ಉಳಿದವರು. ಕೊನೆಗೆ ತಳಕಲ್ಲಿನ ನಮ್ಮ ಮನೆಗೆ ತಂದು ಬಿಟ್ಟರು. ಮತ್ತೆ ಕರೆದುಕೊಂಡು ಹೋಗುತ್ತಾರೋ ಇಲ್ಲವೋ ಎಂದು ಅವ್ವನಿಗೆ ತುತ್ತು ಇಳಿಯುತ್ತಿರಲಿಲ್ಲ. ಅಕ್ಕ ತವರಿನಲ್ಲೇ ಉಳಿದರೆ ಅವಳ ತಂಗಿಯಾದ ನನ್ನನ್ನು ಯಾರು ಕೇಳಿ ಬರುತ್ತಾರೆ ಎನ್ನುವುದೂ ಆ ಚಿಂತೆಯಲ್ಲಿತ್ತು.

ಎರಡೂ ಮನೆಯ ಹಿರಿಯರು ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು. ದಾರಿ ತೋರಿಸಿದವಳು ಅಕ್ಕನ ಅತ್ತೆ. "ನೋಡ್ರಿ ಬೀಗತ್ಯಾರ, ಆಕಿ ರೊಟ್ಟಿ ಬಡೀಲಿ. ತಲಿ ಕೆಟ್ಟಾಕಿ ಕೈಯಾಗ ರೊಟ್ಟಿ ದುಂಡಗ ಬರಂಗಿಲ್ಲ. ಬಂದ್ರ ಇವತ್ತ ಕರ್ಕೊಂಡ ಹೋಗ್ತೀವಿ." ಹೆಣ್ಣಿನ ಬುದ್ಧಿಯನ್ನು ರೊಟ್ಟಿಯಲ್ಲಿ ಅಳೆಯುವ ಸೀಮೆ ನಮ್ಮದು. ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅಕ್ಕ ಒಲೆಯ ಮುಂದೆ ಕೂತಳು. ಹಿಟ್ಟಿಗೆ ಕುದಿನೀರು ಬಿಟ್ಟು ನಾದಿದಳು, ಬಡಿದಳು. ಅಂಚು ಒಡೆಯಲಿಲ್ಲ, ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅತ್ತೆ ಒಂದು ಚೂರು ಬಾಯಿಗಿಟ್ಟು, "ಭಾಳ ಛಲೋ ಆಗ್ಯಾವ. ತಲಿ ನೆಟ್ಟಗೈತಿ ಬಿಡ್ರಿ," ಎಂದು ಹಿರಿಯರಿಗೆ ಹೇಳಲು ಕಟ್ಟೆಗೆ ಹೋದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೈ ಕಲಿತದ್ದು ಮೆದುಳಿನಲ್ಲಿ ಒಂದು ಕಡೆ, ಈಗಷ್ಟೇ ನಡೆದದ್ದರ ನೆನಪು ಇನ್ನೊಂದು ಕಡೆ ಇರುತ್ತದೆ, ಒಂದು ಕೆಟ್ಟರೂ ಇನ್ನೊಂದು ಉಳಿಯಬಹುದು ಎಂದು ಡಾಕ್ಟರೊಬ್ಬರಿಂದ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಕ್ಕ ಬಡಿಯುತ್ತಲೇ ಇದ್ದಳು. ಬುಟ್ಟಿ ತುಂಬಿತು, ಹಿಟ್ಟು ತೀರಿತು. ಆಗ ಬುಟ್ಟಿಯ ಕಡೆ ನೋಡಿ, "ಯವ್ವಾ, ಇಷ್ಟ ರೊಟ್ಟಿ ಯಾರು ಬಡದ್ರು? ಮನ್ಯಾಗ ಏನರ ಕಾರ್ಯ ಐತೇನು?" ಎಂದಳು.

ಅವ್ವ ಕಟ್ಟೆಯ ಕಡೆ ನೋಡಿದಳು. ಅಲ್ಲಿ ಯಾರಿಗೂ ಕೇಳಿಸಿರಲಿಲ್ಲ.

"ಹೌದವ್ವ, ಐತಿ. ಮೆಲ್ಲಕ ಮಾತಾಡು," ಎಂದು ರೊಟ್ಟಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅಕ್ಕನ ಕೈಗೆ ಕೊಟ್ಟಳು. ಮಧ್ಯಾಹ್ನದ ಬಸ್ಸಿಗೆ ಅವಳನ್ನು ಕಳಿಸಿಬಿಟ್ಟೆವು.